ಮಾದರಿ ರೋಗಿ

ಶ್ರೀರಾಮಪ್ಪನವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದೇ ಗುರುರಾಜರ ಆ ದಿನದ ತಾಪತ್ರಯಗಳಿಗೆಲ್ಲ ಮೂಲ.

ಬೆಳಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಶ್ರೀರಾಮಪ್ಪನವರು ಬಸ್ಸಿನಲ್ಲಿದ್ದರು, ಹಿಂದಿನಿಂದ ಹೆಂಗಸರ ಭಜನೆ ಕೇಳಿಸುತ್ತಿತ್ತು. "ಸಾರ್, ನಿಮ್ಮ ಪಾಠದ ಪುಣ್ಯ. ನಿನ್ನೆ ಶುಗರ್ ನೂರಾ ಹದಿನೆಂಟು ಬಂತು. ಖುಷಿಗೆ ಮನೇವ್ರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೊರಟ್ಬಿಟ್ವಿ. ಹಾಸನ ದಾಟ್ತಾ ಇದೀವಿ" ಎಂದರು. ಗುರುರಾಜರು ಏನಾದರೂ ಹೇಳುವ ಮೊದಲೇ ಅವರಿಗೂ ಅವರ ಮನೆಯವರಿಗೂ ಒಳ್ಳೆಯದಾಗಲೆಂದು ಹರಸಿ ಫೋನ್ ಇಟ್ಟರು.

ಗುರುರಾಜರು ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಬಸ್ಸಿನಂತೆ ಕುಳಿತಲ್ಲೇ ಕುಳಿತರು. ಅಂದು ಮಧ್ಯಾಹ್ನ ಮೂರು ಗಂಟೆಗೆ ಅವರಿಗೆ ಒಬ್ಬ ರೋಗಿ ಬೇಕಾಗಿತ್ತು. ಅದೂ ಅಂತಿಂಥ ರೋಗಿಯಲ್ಲ, ಮಾದರಿ ರೋಗಿ. ಎಂಟು ದಿನದಿಂದ ಶ್ರೀರಾಮಪ್ಪನವರಿಗೆ ಮಗ್ಗಿ ಹೇಳಿಸಿದಂತೆ ಹೇಳಿಸಿ ಹೇಳಿಸಿ ತಯಾರು ಮಾಡಿದ್ದರು.

ಗುರುರಾಜರು ಮೂವತ್ತೆರಡು ವರ್ಷ ಸರ್ಕಾರಿ ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿ ಹುಡುಗರಿಗೆ ಲೇತ್ ಯಂತ್ರ ಕಲಿಸಿ ನಿವೃತ್ತರಾದವರು. ಆಮೇಲೆ ಒಂದು ವರ್ಷ ಕಲ್ಯಾಣ ನಗರದ ಮನೆಯಲ್ಲೇ ಇದ್ದರು. ಆ ಒಂದು ವರ್ಷದಲ್ಲಿ ಹೆಂಡತಿ ವೇದಾರ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಅಂಟಿಸಿದರು. ಒಗ್ಗರಣೆ ಕಾದು ಹೊಗೆಯಾಡುವ ಹೊತ್ತಿಗೆ ಸಾಸಿವೆ ಯಾವ ನಂಬರಿನಲ್ಲಿದೆ ಎಂದು ಪಟ್ಟಿ ನೋಡಬೇಕಾಗಿ ಬಂದಾಗ ವೇದಾ, ದಿನಾ ಎಲ್ಲಾದರೂ ಹೋಗಿ ಬರುವಂಥದ್ದೊಂದು ಕೆಲಸ ನೋಡಿಕೊಳ್ಳಿ ಎಂದು ಬಹಳ ಮೃದುವಾಗಿ ಕೇಳಿಕೊಂಡರು. ಹಾಗೆ ಸಿಕ್ಕಿದ್ದು ಗರುಡಾಚಾರ್‌ಪಾಳ್ಯದ ನಲವತ್ತು ಹಾಸಿಗೆಯ ಈ ಆಸ್ಪತ್ರೆಯ ಕೆಲಸ. ವಯಸ್ಸಾದ ರೋಗಿಗಳಿಗೆ ಅವರವರ ಕಾಯಿಲೆ, ಮಾತ್ರೆ, ಪಥ್ಯದ ಬಗ್ಗೆ ತಿಳಿಹೇಳುವುದು. ಬಿಳಿ ಕೋಟು ಕೊಟ್ಟಿದ್ದರು. ಅದರ ಜೇಬಿನ ಮೇಲೆ 'ಆರೋಗ್ಯ ಶಿಕ್ಷಕರು' ಎಂಬ ಬಿಲ್ಲೆ ಇತ್ತು. ಮೂರು ತಿಂಗಳು ನೋಡಿ ಖಾಯಂ ಮಾಡುವುದೆಂದು ಮಾತಾಗಿತ್ತು. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು.

ಗುರುರಾಜರ ಶ್ರದ್ಧೆಗೆ ಹೆಸರಿಡುವಂತಿರಲಿಲ್ಲ. ಹನ್ನೆರಡು ಪಟ ಬರೆಸಿದ್ದರು. 'ಹೈಪೊಗ್ಲೈಸೀಮಿಯಾ' ಎಂದು ಬೋರ್ಡಿನ ಮೇಲೆ ಬರೆದು ಎಪ್ಪತ್ತು ವರ್ಷದ ಅಜ್ಜಿಯರಿಂದ ಕಾಗುಣಿತ ಹೇಳಿಸುತ್ತಿದ್ದರು. ಪಾಠ ಮುಗಿದ ಮೇಲೆ ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಆಯಿತು ಅನ್ನುತ್ತಿದ್ದರು. ನಿದ್ದೆ ಮಾಡುತ್ತಿದ್ದವರೂ ಎಚ್ಚರವಾಗಿ ಆಯಿತು ಅನ್ನುತ್ತಿದ್ದರು. ಆದರೆ ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರ್ ರಾಜೇಶ್ವರಿ ಹೋದ ವಾರ ಹೊಸ ಸುದ್ದಿ ತಂದಿದ್ದರು. ವಿಮೆಯವರ ಪರವಾಗಿ ಡಾಕ್ಟರ್ ವಿಕ್ರಮ್ ಎಂಬೊಬ್ಬರು ತಪಾಸಣೆಗೆ ಬರುತ್ತಾರೆ. ಅವರು ಶಿಕ್ಷಕರನ್ನು ಏನೂ ಕೇಳುವುದಿಲ್ಲ. ರೋಗಿಯನ್ನು ಕೂರಿಸಿಕೊಂಡು, ನಿಮಗೆ ಹೇಳಿಕೊಟ್ಟದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಎನ್ನುತ್ತಾರೆ. ರೋಗಿ ಹೇಳಿದರೆ ಆಸ್ಪತ್ರೆ ಪಾಸು. ಗುರುರಾಜರೂ ಪಾಸು.

ಈಗ ಹೇಳಬೇಕಾದ ರೋಗಿ ಭಜನೆ ಮಾಡುತ್ತ ಹಾಸನ ದಾಟುತ್ತಿದ್ದರು.

ಸುದ್ದಿ ಐದು ನಿಮಿಷದಲ್ಲಿ ಮೂರೂ ಮಹಡಿಗೆ ಹಬ್ಬಿತು. ಔಷಧಿ ಅಂಗಡಿಯ ಸುನಿಲ್, ನರ್ಸ್ ಸುರಯ್ಯಾ, ಮುಂದಿನ ಕೌಂಟರಿನ ಶ್ವೇತ ಮೂವರೂ ಸಲಹೆ ಹಿಡಿದುಕೊಂಡು ಬಂದರು. ಸುನಿಲ್ ತನ್ನ ಸೋದರಮಾವನನ್ನು ಕರೆಸುತ್ತೇನೆಂದ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಆದರೆ ಯಾವ ಕಾಯಿಲೆ ಹೇಳಿದರೂ ಇದೆ ಅನ್ನುತ್ತಾರೆ ಎಂದ. ಶ್ವೇತ ಮಾತ್ರ ಉಪಯೋಗಕ್ಕೆ ಬರುವ ಮಾತು ಹೇಳಿದಳು. ಕೆಳಗೆ ಬೆಂಚಿನ ಮೇಲೆ ಒಬ್ಬ ಅಮ್ಮ ಒಂಬತ್ತು ಗಂಟೆಯಿಂದ ಕೂತಿದ್ದಾರೆ, ಯಾರೂ ಕರೆದಂತಿಲ್ಲ ಎಂದಳು.

ಗುರುರಾಜರು ಮೆಟ್ಟಿಲಿಳಿದು ಹೋದರು. ಐವತ್ತೈದು ಅರವತ್ತರ ಹೆಂಗಸು, ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ, ಮಡಿಲಲ್ಲಿ ಬುತ್ತಿಯ ಗಂಟು. ಹೆಸರು ಶೇಷಮ್ಮ, ಊರು ರಾಯಚೂರಿನ ಕಡೆ, ಈಗ ಮಹದೇವಪುರದಲ್ಲಿ ಬಾಡಿಗೆ ಕೋಣೆ.

"ಅಮ್ಮ, ನಿಮಗೆ ಸಕ್ಕರೆ ಇದೆಯಾ?"

"ಸಕ್ರಿ ಈಗ ಯಾರ ಮನ್ಯಾಗ ಇಲ್ರಿ?"

ಲೋಕಾನುಭವದ ಮಾತು ಎಂದುಕೊಂಡರು ಗುರುರಾಜರು. ಯಾರು ಕಳಿಸಿದ್ದು ಎಂದು ಕೇಳಿದರು.

"ನನ್ನ ಮಗ ಬಸು ರೀ. ಹೋಗಿ ಕುಂದ್ರು, ಅವ್ರ ಕರೀತಾರ ಅಂದಾನ. ಮುಂಜಾನಿಯಿಂದ ಕುಂತೀನಿ, ಯಾರೂ ಕರ್ದಿಲ್ರಿ."

"ನಾನು ಕರೀತಾ ಇದೀನಲ್ಲ, ಬನ್ನಿ" ಎಂದು ಗುರುರಾಜರು ಅವರನ್ನು ಮೂರನೇ ಮಹಡಿಯ ಪಾಠದ ಕೋಣೆಗೆ ಕರೆದುಕೊಂಡು ಹೋದರು. ಶೇಷಮ್ಮ ಕೋಣೆಯ ನೆಲ, ಕಿಟಕಿ, ಮೂಲೆ ಎಲ್ಲವನ್ನೂ ಒಮ್ಮೆ ಕಣ್ಣಳತೆ ಮಾಡಿ ನೋಡಿ ಕುರ್ಚಿಯ ತುದಿಯಲ್ಲಿ ಕುಳಿತರು.

ಮೊದಲ ಒಂದು ಗಂಟೆ ಪಟಗಳದ್ದೇ ರಾಜ್ಯಭಾರ. ಮೇದೋಜೀರಕ ಗ್ರಂಥಿಯ ಪಟ ಬಂದಾಗ ಶೇಷಮ್ಮ ಬಹಳ ಹೊತ್ತು ನೋಡಿ, "ಇಷ್ಟೆಲ್ಲ ಕಲಿಬೇಕೇನ್ರಿ ಸಾಹೇಬ್ರ?" ಎಂದರು.

"ಕಲೀಲೇಬೇಕಮ್ಮ. ಕಲೀದೆ ಇದ್ರೆ ಇಲ್ಲಿ ಏನೂ ನಡಿಯಲ್ಲ."

"ದಿನಾ ಬರ್ಬೇಕೇನ್ರಿ?"

"ಮೊದಲ ವಾರ ದಿನಾ ಬನ್ನಿ. ಆಮೇಲೆ ತಿಂಗಳಿಗೊಂದ್ಸಲ ಬಂದ್ರೆ ಸಾಕು."

ಶೇಷಮ್ಮ ತಿಂಗಳಿಗೊಮ್ಮೆ ಬಂದ್ರ ಸಾಕೇನ್ರಿ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಬೆಂಗಳೂರು ಬೆಂಗಳೂರೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಭದ್ರವಾಗಿ ಕುಳಿತರು. ಅಲ್ಲಿಂದ ಮುಂದೆ ಪಾಠ ರೈಲಿನಂತೆ ಓಡಿತು. ಗುರುರಾಜರು ಒಂದು ಹೇಳಿದರೆ ಶೇಷಮ್ಮ ಅದನ್ನು ತಮ್ಮ ಮಾತಿನಲ್ಲಿ ತಿರುಗಿಸಿ, ಹಿಂಗಲ್ಲೇನ್ರಿ ಎಂದು ಕೇಳುತ್ತಿದ್ದರು. ಹಾಗೆ ಅನ್ನಬಾರದು, ಪಟದಲ್ಲಿದ್ದಂತೆ ಅನ್ನಬೇಕು ಎಂದು ಗುರುರಾಜರು ನಾಲ್ಕೈದು ಸಲ ತಿದ್ದಿದರು. ಕೊನೆಗೆ ಅವರೇ ಸುಸ್ತಾಗಿ ಬಿಟ್ಟುಬಿಟ್ಟರು.

ಸುರಯ್ಯಾ ಬಂದು ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿದಳು. ಶೇಷಮ್ಮ ಕಣ್ಣು ಮಿಟುಕಿಸದೆ ಬೆರಳು ಕೊಟ್ಟರು. "ತೊಂಬತ್ತೆರಡು. ಪೂರಾ ನಾರ್ಮಲ್ ಇದೆಯಲ್ಲಾ ಸಾರ್?" ಎಂದು ಸುರಯ್ಯಾ ಮೀಟರನ್ನು ಒಮ್ಮೆ ಅಲುಗಿಸಿ ಮತ್ತೆ ನೋಡಿದಳು. ಗುರುರಾಜರಿಗೆ ಆಶ್ಚರ್ಯವಾಗಲಿಲ್ಲ. ಪಾಠ ಶುರುವಾಗಿ ಇನ್ನೂ ಎರಡೇ ಗಂಟೆಯಾಗಿತ್ತು, ಅಷ್ಟರಲ್ಲೇ ಪರಿಣಾಮ ಕಾಣಿಸುತ್ತಿದೆ ಎಂದುಕೊಂಡರು.

ಮಧ್ಯಾಹ್ನ ಶೇಷಮ್ಮ ಬುತ್ತಿ ಬಿಚ್ಚಿದರು. ಗುರುರಾಜರು ಎಷ್ಟು ಬೇಡವೆಂದರೂ ಕೇಳದೆ ಅರ್ಧ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟರು. ರೊಟ್ಟಿ ತಿನ್ನುತ್ತ ಗುರುರಾಜರಿಗೆ ಬಹಳ ದಿನಗಳ ಮೇಲೆ ಮನಸ್ಸು ಹಗುರಾಯಿತು. ಮೂರು ತಿಂಗಳಲ್ಲಿ ಅವರ ಪಾಠವನ್ನು ಯಾರೂ ಇಷ್ಟು ಆಸೆಯಿಂದ ಕೇಳಿರಲಿಲ್ಲ. ಕೆಲಸ ಖಾಯಮಾದಂತೆಯೇ ಎಂದುಕೊಂಡರು.

ಎರಡೂಕಾಲಿಗೆ ಸಹೋದ್ಯೋಗಿಗಳ ಉತ್ಸಾಹ ಹೆಚ್ಚಾಯಿತು. ಕಾಯಿಲೆಯವರು ಏನು ಕುಡಿಯಬೇಕೆಂದು ತೋರಿಸಲು ಸುರಯ್ಯಾ ದೊಡ್ಡ ಲೋಟದಲ್ಲಿ ರಾಗಿ ಅಂಬಲಿ ತಂದಳು. ಅದೇ ಹೊತ್ತಿಗೆ ಸುನಿಲ್, ರೋಗಿ ಎಂದ ಮೇಲೆ ಮಣಿಕಟ್ಟಿಗೆ ಹೆಸರು ಬರೆಯುವ ಪ್ಲಾಸ್ಟಿಕ್ ಪಟ್ಟಿ ಇರಬೇಕು ಎಂದುಕೊಂಡು ಪಟ್ಟಿ ಹಿಡಿದು ಓಡಿ ಬಂದ. ಇಬ್ಬರೂ ಬಾಗಿಲಲ್ಲಿ ಡಿಕ್ಕಿ ಹೊಡೆದರು. ಅಂಬಲಿಯಷ್ಟೂ ಬಾಗಿಲ ಬಳಿ ಕುಳಿತಿದ್ದ ಶೇಷಮ್ಮನವರ ಸೀರೆಯ ಮೇಲೆ ಬಿತ್ತು.

ತೊಳೆದುಕೊಂಡು ಬಂದ ಶೇಷಮ್ಮ ಒದ್ದೆ ಸೆರಗಿನಲ್ಲಿ, ಎ.ಸಿ. ಗಾಳಿಗೆ ಗಡಗಡ ನಡುಗುತ್ತಿದ್ದರು. ಗುರುರಾಜರು ತಡಮಾಡದೆ ತಮ್ಮ ಬಿಳಿ ಕೋಟು ಬಿಚ್ಚಿ ಅವರಿಗೆ ಹೊದಿಸಿದರು. ಶೇಷಮ್ಮ ತೋಳು ತೂರಿಸಿ, ಗುಂಡಿ ಹಾಕಿ, ಈಗ್ಲೇ ಕೊಟ್ರೇನ್ರಿ ಎಂದು ಸಂಕೋಚದಿಂದ ನಕ್ಕರು. ಸುನಿಲ್ ಪಟ್ಟಿ ಕಟ್ಟಲು ಹೋದರೆ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡರು. ಏನೂ ಆಗುವುದಿಲ್ಲ, ನೋಡಿ ಎಂದು ಗುರುರಾಜರು ತಮ್ಮ ಕೈಗೇ ಸುತ್ತಿಸಿಕೊಂಡು ತೋರಿಸಿದರು. ಅದು ಒಮ್ಮೆ ಅಂಟಿದರೆ ಕತ್ತರಿಯಿಲ್ಲದೆ ಬಿಚ್ಚಲು ಬರುವಂಥದ್ದಲ್ಲ ಎಂದು ಸುನಿಲ್ ಆಮೇಲೆ ಹೇಳಿದ.

ಅವನು ಕತ್ತರಿ ತರಲು ಹೋದ. ಆಗ ಶ್ವೇತ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ವಯಸ್ಸಾದ ರೋಗಿಗಳನ್ನು ಗಾಲಿಕುರ್ಚಿಯಲ್ಲೇ ಕರೆದೊಯ್ಯಬೇಕೆಂದು ಆಸ್ಪತ್ರೆಯ ನಿಯಮ. ವಿಕ್ರಮ್ ಅರ್ಧ ಗಂಟೆ ಮುಂಚೆಯೇ ಬಂದುಬಿಟ್ಟಿದ್ದಾರೆ, ಮೇಡಂ ಅವರನ್ನು ಕರೆದುಕೊಂಡು ಮೇಲೆ ಬರುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿ ಹೋದಳು.

ಶೇಷಮ್ಮ ಕುರ್ಚಿಯನ್ನು ಸುತ್ತಲೂ ನೋಡಿದರು. "ಇದನ್ನೂ ನೋಡ್ತಾರೇನ್ರಿ?"

"ನೋಡ್ತಾರೆ, ಎಲ್ಲಾ ನೋಡ್ತಾರೆ" ಎಂದರು ಗುರುರಾಜರು. ಪಾದ ಎಲ್ಲಿಡಬೇಕು, ಬೆನ್ನು ಹೇಗೆ ಒರಗಿಸಬೇಕು ಎಂದು ತೋರಿಸಲು ತಾವೇ ಕುಳಿತರು. ಕುಳಿತು ಪಾದ ಇಟ್ಟು, ಹೀಗೆ ಎನ್ನುವಷ್ಟರಲ್ಲಿ ಕುರ್ಚಿ ಚಲಿಸತೊಡಗಿತು. ಹಿಂದೆ ಶೇಷಮ್ಮ. ಊರಲ್ಲಿ ನೀರಿನ ಬಂಡಿ ತಳ್ಳಿದ ಕೈ. ಗುರುರಾಜರು ಬೇಡ ಬೇಡ ಎಂದದ್ದು, ಇನ್ನೂ ಜೋರಾಗಿ ತಳ್ಳಿ ಎಂದಂತೆ ಕೇಳಿಸಿತೋ ಏನೋ, ಶೇಷಮ್ಮ ನಾಜೂಕಾಗಿ ತಿರುವು ತೆಗೆದುಕೊಂಡು, ಉದ್ದನೆಯ ಹಜಾರ ದಾಟಿ, ಲಿಫ್ಟಿನ ಬಾಗಿಲ ಮುಂದೆ ಗೆರೆ ಎಳೆದ ಹಾಗೆ ತಂದು ನಿಲ್ಲಿಸಿದರು.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಡಾಕ್ಟರ್ ರಾಜೇಶ್ವರಿ, ಪಕ್ಕದಲ್ಲಿ ಕಡತ ಹಿಡಿದ ಒಬ್ಬ ತರುಣ.

ಡಾಕ್ಟರ್ ವಿಕ್ರಮ್‌ಗೆ ಕಂಡದ್ದು ಇಷ್ಟು: ಬಿಳಿ ಕೋಟು ತೊಟ್ಟು, 'ಆರೋಗ್ಯ ಶಿಕ್ಷಕರು' ಎಂಬ ಬಿಲ್ಲೆ ಧರಿಸಿದ, ಮುಖದ ತುಂಬ ನಗುವಿನ ಒಬ್ಬ ಹೆಂಗಸು. ಅವರ ಮುಂದೆ ಗಾಲಿಕುರ್ಚಿಯಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡು, ಏದುಸಿರು ಬಿಡುತ್ತಿರುವ ಒಬ್ಬ ವೃದ್ಧ.

"ಓ, ಇವರೇ ನಿಮ್ಮ ಟೀಚರ್ರಾ? ತುಂಬ ಒಳ್ಳೇದಾಯ್ತು ಮೇಡಂ. ಎಲ್ಲಾ ಕಡೆ ಕಾಲೇಜಿಂದ ಬಂದ ಹುಡುಗರೇ ಇರ್ತಾರೆ" ಎಂದರು ವಿಕ್ರಮ್.

ಗುರುರಾಜರು ಎದ್ದು ನಿಂತು ನಿಜ ಹೇಳಲು ಹೊರಟರು. ವಿಕ್ರಮ್ ಬೆನ್ನ ಹಿಂದಿನಿಂದ ರಾಜೇಶ್ವರಿ ಮೇಡಂ ಎರಡೂ ಅಂಗೈ ಕೆಳಗೆ ಮಾಡಿ, ಕೂತುಕೊಳ್ಳಿ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ತಪಾಸಣೆಗೆ ಬಂದವರು ಖುಷಿಯಾಗಿರುವಾಗ ಅದನ್ನು ಕೆಡಿಸಬಾರದೆಂಬುದು ಅವರ ಇಪ್ಪತ್ತು ವರ್ಷದ ಅನುಭವ. ಗುರುರಾಜರು ಕುಳಿತರು.

ಹಜಾರದಲ್ಲೇ ಪರೀಕ್ಷೆ ಶುರುವಾಯಿತು. ಸಕ್ಕರೆ ಕಡಿಮೆಯಾದರೆ ರೋಗಿಗೆ ಏನು ಹೇಳುತ್ತೀರಿ ಎಂದು ವಿಕ್ರಮ್ ಮೊದಲು ಶೇಷಮ್ಮನವರನ್ನು ಕೇಳಿದರು.

"ಕೈಕಾಲು ನಡುಗ್ತಾವ್ರಿ, ಮೈ ಬೆವರ್ತದ, ಕಣ್ಣಿಗೆ ಕತ್ತಲಿ ಬರ್ತದ. ಒಲ್ಯಾಗ ಕಟಿಗಿ ತೀರಿ ಬೆಂಕಿ ಆರಾಕ ಹತ್ತಿದಂಗ. ಆಗ ಲಗೂನ ಮೂರು ಚಮಚ ಸಕ್ರಿ ನೀರಾಗ ಕಲಿಸಿ ಕುಡೀಬೇಕ್ರಿ. ಒಂದು ಹದಿನೈದು ನಿಮಿಷ ನೋಡ್ಬೇಕು. ಸುದಾರಿಸ್ತು ಅಂದ್ರ ಊಟ ಮಾಡ್ಬೇಕು, ಇಲ್ಲಂದ್ರ ಮತ್ತ ಸಕ್ರಿ ನೀರು ಕುಡೀಬೇಕು."

ವಿಕ್ರಮ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತ ನಿಂತರು. ಕಾಲಿನ ಆರೈಕೆ ಕೇಳಿದರು. ಈ ಬ್ಯಾನಿ ಇದ್ದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಅದಕ್ಕೇ ದಿನಾ ಪಾದ ತಿರುಗಿಸಿ ನೋಡಿಕೊಳ್ಳಬೇಕು, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಗೆ ತೋರಿಸಬೇಕು, ಮಕ್ಕಳ ಕಣ್ಣು ಚುರುಕು ಎಂದರು ಶೇಷಮ್ಮ. ಹಾದುಹೋಗುತ್ತಿದ್ದ ಇಬ್ಬರು ಅಜ್ಜಿಯರು ನಿಂತು ಕೇಳಿ, ತಮ್ಮ ಪಾದ ನೋಡಿಕೊಂಡರು.

ವಿಕ್ರಮ್ ಗುರುರಾಜರ ಕಡೆ ತಿರುಗಿ ಬಗ್ಗಿದರು. "ತಾತ, ಈಗ ನೀವು ಹೇಳಿ ನೋಡೋಣ. ಶುಗರ್ ಕಡಿಮೆ ಆದ್ರೆ ಏನಾಗತ್ತೆ?"

ಇದಾದರೂ ಕೈಯಲ್ಲಿದೆಯಲ್ಲ ಎಂದು ಗುರುರಾಜರು ಬೆನ್ನು ನೆಟ್ಟಗೆ ಮಾಡಿದರು. "ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣವು ಎಪ್ಪತ್ತು ಮಿಲಿಗ್ರಾಂಗಿಂತ ಕೆಳಗಿಳಿದಾಗ ಉಂಟಾಗುವ ಸ್ಥಿತಿಗೆ ಹೈಪೊಗ್ಲೈಸೀಮಿಯಾ ಎಂದು ಹೆಸರು."

"ಅದು ಪುಸ್ತಕದ್ದಾಯ್ತು ತಾತ. ನಿಮ್ಮ ಮಾತಲ್ಲಿ ಹೇಳಿ."

ಗುರುರಾಜರು ತಮ್ಮ ಮಾತು ಹುಡುಕಿದರು. ಮೂರು ತಿಂಗಳಿಂದ ದಿನಾ ಹೇಳಿದ ವಿಷಯ. ಅಂದರೆ ಎಂದರು. ಗ್ಲೂಕೋಸ್ ಪ್ರಮಾಣವು ಎಂದರು. ಮತ್ತೆ ಅಂದರೆ ಎಂದರು. ಮುಂದೆ ಬರಲಿಲ್ಲ. ವಿಕ್ರಮ್ ಅವರ ಭುಜ ತಟ್ಟಿ, ಪರವಾಗಿಲ್ಲ ತಾತ, ವಯಸ್ಸಾದ ಮೇಲೆ ಎಲ್ಲಾ ನಿಧಾನ ಎಂದರು.

ಶೇಷಮ್ಮನವರಿಗೆ ಕನಿಕರವಾಯಿತು. "ಹಿರೇರು ರೀ. ಮುಂಜಾನಿಯಿಂದ ಪಾಪ ಭಾಳ ದಣಿದಾರ. ನಾಳಿಗೆ ನಾ ಕುಂದ್ರಿಸಿಕೊಂಡು ಹೇಳಿಕೊಡ್ತೀನಿ."

ರೋಗಿ ತಪ್ಪಿದಾಗ ರೋಗಿಯನ್ನು ಬೈಯದ ಶಿಕ್ಷಕಿಯನ್ನು ತಾವು ಮೊದಲ ಸಲ ನೋಡುತ್ತಿರುವುದಾಗಿ ವಿಕ್ರಮ್ ಅಲ್ಲೇ ಬರೆದುಕೊಂಡರು. ಶಿಕ್ಷಕಿಯ ಹೆಸರು ಕೇಳಿದರು, ಶೇಷಮ್ಮ ಹೇಳಿದರು. ರೋಗಿಯ ಹೆಸರು ಕೇಳಿದರು. ಪಟ್ಟಿಯ ಮೇಲೆ ಬರೆದಿಲ್ಲವಲ್ಲ ಎಂದರು. ಗುರುರಾಜ್, ಅರವತ್ತೊಂದು ಎಂದು ಮೇಡಂ ತಾವೇ ಹೇಳಿಬಿಟ್ಟರು. ಇವರು ಯಾಕೆ ಇಷ್ಟು ಬೆವರುತ್ತಿದ್ದಾರೆ ಎಂದು ವಿಕ್ರಮ್ ರಕ್ತದೊತ್ತಡ ನೋಡಲು ಹೇಳಿದರು. ಸುರಯ್ಯಾ ನೋಡಿದಳು. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ನೂರಾ ಅರವತ್ತೆಂಟು, ನೂರಾ ಎರಡು. ತಮಗೆ ಯಾವತ್ತೂ ಬಿ.ಪಿ. ಇರಲಿಲ್ಲ ಎಂದರು ಗುರುರಾಜರು. ಯಾವತ್ತು ನೋಡಿಸಿದ್ದಿರಿ ಎಂದು ಸುರಯ್ಯಾ ಕೇಳಿದಳು.

ನಾಲ್ಕು ಗಂಟೆಗೆ ವಿಕ್ರಮ್ ವರದಿಗೆ ಸಹಿ ಹಾಕಿ ಹೊರಟರು. ಆಸ್ಪತ್ರೆ ಪಾಸಾಗಿತ್ತು. ಮೂರು ತಿಂಗಳ ನಂತರ ಮತ್ತೆ ಬರುತ್ತೇನೆ, ಇದೇ ಶಿಕ್ಷಕಿಯ ಕೈಯಲ್ಲಿ ಇದೇ ತಾತ ಎಷ್ಟು ಸುಧಾರಿಸಿದ್ದಾರೆಂದು ನೋಡಬೇಕು ಎಂದು ಹೇಳಿ ಹೋದರು.

ಮೇಡಂ ಪೇಡಾ ತರಿಸಿದರು. ಎಲ್ಲರೂ ಗುರುರಾಜರ ಕೈ ಕುಲುಕಿದರು. ಇಂಥ ರೋಗಿಯನ್ನು ಎಲ್ಲಿಂದ ಹುಡುಕಿದಿರಿ ಎಂದು ಮೇಡಂ ಕೇಳುತ್ತಿರುವಾಗಲೇ ಶೇಷಮ್ಮ ಮುಂದೆ ಬಂದರು.

"ಬಾಯಾರ, ನಂದು ಕೆಲಸ ಆತೇನ್ರಿ?"

ಯಾವ ಕೆಲಸ ಎಂದು ಮೇಡಂ ಕೇಳಿದರು.

"ಮ್ಯಾಲಿನ ಮಾಳಗಿ ಕಸ ಹೊಡ್ಯಾಕ ಹೆಣ್ಮಗಳು ಬೇಕಾಗ್ಯಾಳ ಅಂತ ಬಸು ಕಳ್ಸಿದ್ನಿರಿ. ಕಸ ಹೊಡ್ಯಾಕ ಇಷ್ಟೊಂದು ಕಲಿಬೇಕಂತ ಗೊತ್ತಿರಲಿಲ್ಲ. ಆದ್ರೂ ಕಲ್ತೀನ್ರಿ. ತಿಂಗಳಿಗೊಮ್ಮೆ ಬಂದ್ರ ಸಾಕು ಅಂತ ಸಾಹೇಬ್ರು ಹೇಳ್ಯಾರ, ನಾ ದಿನಾ ಬರ್ತೀನ್ರಿ, ಬ್ಯಾಸರಿಲ್ಲ."

ಸುನಿಲನ ಬಾಯಲ್ಲಿದ್ದ ಪೇಡಾ ಅಲ್ಲೇ ನಿಂತಿತು. ಸುರಯ್ಯಾ ಮಾತ್ರ, ಅದಕ್ಕೇ ತೊಂಬತ್ತೆರಡು ಬಂದದ್ದು ಎಂದು ನಿಟ್ಟುಸಿರು ಬಿಟ್ಟಳು. ಮೀಟರು ಕೆಟ್ಟಿದೆಯೆಂದು ಆಗಲೇ ರಿಪೇರಿಗೆ ಬರೆದು ಹಾಕಿದ್ದಳು.

ರಾಜೇಶ್ವರಿ ಮೇಡಂ ವರದಿಯನ್ನು ತೆರೆದು ನೋಡಿದರು. ಅದರಲ್ಲಿ ಶಿಕ್ಷಕಿ ಶೇಷಮ್ಮ, ರೋಗಿ ಗುರುರಾಜ್. ಸಹಿ ಬಿದ್ದಾಗಿದೆ. ಆ ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಳ್ಳುವಂತಿಲ್ಲ. ತಾವು ಈಗ ಏನು ಮಾಡಬೇಕೆಂದು ನೀವೇ ಹೇಳಿ ಎಂದು ಗುರುರಾಜರನ್ನೇ ಕೇಳಿದರು.

ಗುರುರಾಜರು ಪ್ರಾಮಾಣಿಕ ಮನುಷ್ಯ. ಹಜಾರದಲ್ಲಿ ನಿಂತು ಪಾದ ನೋಡಿಕೊಂಡ ಇಬ್ಬರು ಅಜ್ಜಿಯರು ಅವರ ಕಣ್ಣಿಗೆ ಕಟ್ಟಿದ್ದರು. ಅವರಿಬ್ಬರೂ ಮೂರು ತಿಂಗಳಿಂದ ತಮ್ಮ ತರಗತಿಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತವರು. ಕೋಟು ಅಮ್ಮನ ಹತ್ತಿರವೇ ಇರಲಿ ಎಂದರು. ಹೇಳಿದ ಮೇಲೆ ಅಂದುಕೊಂಡಷ್ಟು ಸಂಕಟವಾಗಲಿಲ್ಲ. ಕೋಟು ಶೇಷಮ್ಮನವರಿಗೇ ಹೊಲಿಸಿದಂತೆ ಕೂತಿತ್ತು.

ಶೇಷಮ್ಮ ಅಂದೇ ಕೆಲಸಕ್ಕೆ ಹಾಜರಾದರು. ಮೊದಲ ರೋಗಿ ಗುರುರಾಜರು. ಮೇಡಂ ಬರೆದ ಚೀಟಿ ಕೈಗಿತ್ತು, ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಉಪ್ಪು ಕಡಿಮೆ ಮಾಡಬೇಕು, ನಾಳೆಯಿಂದ ಒಂದು ವಾರ ದಿನಾ ಬರಬೇಕು ಎಂದು ಹೇಳಿ ಕಳಿಸಿದರು. ಕತ್ತರಿ ಕೊನೆಗೂ ಸಿಕ್ಕಲಿಲ್ಲ. ಗುರುರಾಜರು ಪಟ್ಟಿ ಕಟ್ಟಿಕೊಂಡೇ ಬಸ್ಸು ಹತ್ತಿದರು. ಅದನ್ನು ನೋಡಿ ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು.

ಸಂಜೆ ಏಳಕ್ಕೆ ಊಟಕ್ಕೆ ಕುಳಿತಾಗ ಎಲ್ಲವನ್ನೂ ವೇದಾರಿಗೆ ಹೇಳಿದರು. ವೇದಾ ಮೊದಲು ಗಾಬರಿಯಾದರು, ಆಮೇಲೆ ಗಾಲಿಕುರ್ಚಿಯ ಜಾಗ ಬಂದಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗಂಡ ಬಂದೊಡನೆ ಕೈಗಿತ್ತ ಚೀಟಿಯಲ್ಲಿ ಬರೆದಿದೆಯೆಂದು ಸಾರಿಗೆ ಉಪ್ಪು ಅರ್ಧ ಹಾಕಿದ್ದರು. ಉಪ್ಪಿನಕಾಯಿಯ ವಿಷಯ ಚೀಟಿಯಲ್ಲಿರಲಿಲ್ಲ. ಗುರುರಾಜರು ತಟ್ಟೆಯ ಬದಿಗೆ ಎರಡು ಹೋಳು ಉಪ್ಪಿನಕಾಯಿ ಬಡಿಸಿಕೊಂಡು ಸಾರಿನ ಸಪ್ಪೆಯನ್ನು ಸರಿದೂಗಿಸುತ್ತಿದ್ದರು. ಹೊಟ್ಟೆಯೂ ಮನಸ್ಸೂ ನೆಮ್ಮದಿಯಾಗಿದ್ದವು.

"ಅಲ್ರೀ, ಉಪ್ಪಿಗೂ ಬಿ.ಪಿ.ಗೂ ಏನು ಸಂಬಂಧ? ನಂಗೆ ಯಾವತ್ತೂ ಅರ್ಥ ಆಗಿಲ್ಲ" ಎಂದರು ವೇದಾ.

ಗುರುರಾಜರು ಸೋಡಿಯಂ ಎಂದು ಶುರು ಮಾಡಲು ಬಾಯಿ ತೆರೆದವರು, ಯಾಕೋ ತಡೆದು ಮನೆಯ ಮೇಲಿನ ನೀರಿನ ಟ್ಯಾಂಕಿನ ಕಡೆ ಬೆರಳು ತೋರಿಸಿದರು.

"ನೋಡು, ಉಪ್ಪು ಜಾಸ್ತಿ ತಿಂದ್ರೆ ಮೈ ನೀರು ಹಿಡ್ಕೊಳತ್ತೆ. ಪೈಪು ಇದ್ದಷ್ಟೇ ಇರತ್ತೆ, ಒಳಗೆ ನೀರು ಜಾಸ್ತಿ ಆಯ್ತು. ಮೋಟರು ಪಾಪ ಜೋರಾಗಿ ತಳ್ಳಬೇಕು. ಪೈಪೂ ಹಳೇದು, ಮೋಟರೂ ಹಳೇದು. ಒಂದಿನ ಎಲ್ಲೋ ಒಂದು ಕಡೆ ಬಿಟ್ಕೊಳತ್ತೆ. ಮೋಟರು ಅಂದ್ರೆ ಹೃದಯ ಕಣೇ."

ವೇದಾ ಸೌಟು ಹಿಡಿದು ಹಾಗೆಯೇ ನಿಂತರು. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಗಂಡ ವಿವರಿಸಿದ ಒಂದು ಸಂಗತಿ ಅವರಿಗೆ ಪೂರ್ತಿ ಅರ್ಥವಾದದ್ದು ಇದೇ ಮೊದಲು.

"ಇದನ್ನ ಮಧ್ಯಾಹ್ನ ಹೀಗೇ ಹೇಳಿದ್ರೆ ಆಗ್ತಿತ್ತಲ್ರೀ" ಎಂದರು. ಹೇಳಿ, ಅವರ ತಟ್ಟೆಯ ಬದಿಯಿಂದ ಎರಡೂ ಹೋಳು ಎತ್ತಿಕೊಂಡು, ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಮಾಡಿ ಅಟ್ಟದ ಮೇಲೆ ಇಟ್ಟು ಬಂದರು.